ಬೆಂಕಿ ಹತ್ತದ ದೋಣಿಗೂ ಬೆಂಕಿ ಆರಿಸೋ ಸಿಲಿಂಡರಿಗೂ ಏನು ಸಂಬಂಧ?

1/10

ಫ್ರೆಂಡ್ಸ್, ಈ ಸಲದ ಸರಣಿ ಸ್ವಲ್ಪ ಉದ್ದ. ಟೀ ಇಟ್ಕೊಂಡು ಕೂತ್ಕೊಳ್ಳಿ.

2019ರ ಜೂನ್. ಅಮೆರಿಕದ ಫ್ಲೋರಿಡಾದಲ್ಲಿ ಫೋರ್ಟ್ ಲಾಡರ್‌ಡೇಲ್ ಹತ್ತಿರ ಒಂದು ಯಾಟ್, ಅಂದ್ರೆ ಮೋಜಿಗೆ ಇಟ್ಟುಕೊಳ್ಳೋ ದೊಡ್ಡ ದೋಣಿ, ನೆಲಕ್ಕೆ ತಾಗಿ ಸಿಕ್ಕಿಹಾಕಿಕೊಂಡಿತು. ಅದಕ್ಕೆ 5,50,000 ಡಾಲರ್ ವಿಮೆ ಇತ್ತು. ಮಾಲೀಕರಾದ ರೇಡರ್ಸ್ ರಿಟ್ರೀಟ್ ಅನ್ನುವ ಕಂಪನಿಯವರು ಕ್ಲೇಮ್ ಹಾಕಿದರು. ಗ್ರೇಟ್ ಲೇಕ್ಸ್ ಅನ್ನುವ ವಿಮಾ ಕಂಪನಿ ಕೊಡಲ್ಲ ಅಂತು. ಕಾರಣ ಕೇಳಿ: ದೋಣಿಯಲ್ಲಿದ್ದ ಬೆಂಕಿ ನಂದಿಸೋ ಉಪಕರಣಗಳನ್ನು ಸರಿಯಾದ ಹೊತ್ತಿಗೆ ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ತಗೊಂಡಿರಲಿಲ್ಲ.

ಈಗ ನೀವು ಕೇಳ್ತೀರಿ, ಅಲ್ಲಿ ಬೆಂಕಿ ಬಿದ್ದಿತ್ತಾ? ಇಲ್ಲ. ಒಂದು ಕಿಡಿಯೂ ಇಲ್ಲ. ದೋಣಿ ಕೆಟ್ಟದ್ದು ನೆಲಕ್ಕೆ ತಾಗಿ.

ಈ ಜಗಳ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯ್ತು, 2024ರ ಫೆಬ್ರವರಿ 21ಕ್ಕೆ ತೀರ್ಪು ಬಂತು. ಆದ್ರೆ ಈ ವಾದದ ಬೇರು ಇರೋದು 1786ರಲ್ಲಿ, ಲಿವರ್‌ಪೂಲಿನಿಂದ ಹೊರಟ ಒಂದು ಹಡಗಿನಲ್ಲಿ. ಅದರ ಒಂದು ಕೊಂಬೆ ನಮ್ಮ ಕುಂದಾಪುರದ ಹೊಳೆ ದಡದವರೆಗೂ ಚಾಚಿದೆ. ಹೇಗೆ ಅಂತ ಹೇಳ್ತೀನಿ.

2/10

ನಮ್ಮ ಚಿಕ್ಕಪ್ಪನ ಮನೆ ಪಂಚಗಂಗಾವಳಿ ಪಕ್ಕ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ, ಐದೂ ಸೇರಿ ಸಮುದ್ರಕ್ಕೆ ಹೋಗೋ ಜಾಗ. ಹೋದ ವರ್ಷ ಅವರು ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಗೊಂಡರು. ಆರು ಜನ ಕೂರಬಹುದು, ಹಿಂದೆ ಔಟ್‌ಬೋರ್ಡ್ ಎಂಜಿನ್. "ಇದ್ ನಮ್ಗೇ, ಸಂಜಿಗೆ ಒಂದ್ ಸುತ್ತ್ ಹೋಪುಕೆ" ಅಂದಿದ್ರು.

ಮೊದಮೊದಲು ಹಾಗೇ ಇತ್ತು. ಆಮೇಲೆ ಮನೆಗೆ ಬಂದ ಬೆಂಗಳೂರಿನ ನೆಂಟರು, ನೆಂಟರ ಆಫೀಸಿನವರು, ಅವರ ಫ್ರೆಂಡ್ಸು. ಎಲ್ಲರಿಗೂ ಕಾಂಡ್ಲಾ ಕಾಡು ನೋಡಬೇಕು, ಸೂರ್ಯಾಸ್ತದ ರೀಲ್ ಮಾಡಬೇಕು. ಚಿಕ್ಕಪ್ಪ ದುಡ್ಡು ಕೇಳಲ್ಲ. ಆದ್ರೆ ಇಳಿಯುವಾಗ ಯಾರಾದ್ರೂ ಪೆಟ್ರೋಲಿಗೆ ಅಂತ ಮುನ್ನೂರೋ ಐನೂರೋ ಕೈಗೆ ಇಟ್ಟರೆ ಬೇಡ ಅನ್ನೋದೂ ಇಲ್ಲ.

ಈ ವರ್ಷ ವಿಮೆ ಮಾಡಿಸೋಕೆ ಹೊರಟರು. ಏಜೆಂಟ್ ಎರಡು ಪಾಲಿಸಿಯ ಕಾಗದ ಕಳಿಸಿದ. ಒಂದು ಅಗ್ಗದ್ದು, ಇನ್ನೊಂದು ಹೆಚ್ಚುಕಡಿಮೆ ಎರಡು ಪಟ್ಟು. ಅಗ್ಗದ್ದಕ್ಕೆ ಸಹಿ ಹಾಕೋ ಹಿಂದಿನ ದಿನ ನಂಗೆ ಫೋನ್: "ನೀನ್ ಲಾ ಓದುದಲ್ದಾ ಮಾರಾಯ, ಬೋಟಿಗ್ ಎಂತಾರೂ ಆರೆ ದುಡ್ ಬತ್ತಾ ಇಲ್ಯಾ, ಅಷ್ಟ್ ಕಂಡ್ ಹೇಳ್."

ಕಂಡೆ. ಅಗ್ಗದ ಪಾಲಿಸಿಯ ನಾಲ್ಕನೇ ಪುಟದಲ್ಲಿ ಒಂದು ಸಾಲು: ದೋಣಿಯನ್ನು ಮಾಲೀಕನ ಖಾಸಗಿ ಮೋಜಿಗೆ ಮಾತ್ರ ಬಳಸತಕ್ಕದ್ದು, ಬಾಡಿಗೆಗಾಗಲೀ ಪ್ರತಿಫಲಕ್ಕಾಗಲೀ ಬಳಸಕೂಡದು. ಆ ಸಾಲಿನ ಮುಂದೆ ಒಂದೇ ಪದ: ವಾರಂಟಿ.

ನಾನು ಎರಡು ವಾರ ಈ ಒಂದು ಪದದ ಹಿಂದೆ ಬಿದ್ದೆ. ಅದರ ಕಥೆಯೇ ಈ ಸರಣಿ.

3/10

ಮೊದಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳ್ಳಿ. ಮಿಕ್ಸಿ ತಗೊಂಡಾಗ ಎರಡು ವರ್ಷ ಕೊಡ್ತಾರಲ್ಲ, ಆ ವಾರಂಟಿ ಅಲ್ಲ ಇದು. ಅಲ್ಲಿ ಕಂಪನಿ ನಿಮಗೆ ಮಾತು ಕೊಡುತ್ತೆ. ಸಾಗರ ವಿಮೆಯಲ್ಲಿ ಉಲ್ಟಾ: ನೀವು ಕಂಪನಿಗೆ ಮಾತು ಕೊಡ್ತೀರಿ. "ನಾನು ಇಂಥದ್ದನ್ನು ಮಾಡ್ತೀನಿ, ಇಂಥದ್ದನ್ನು ಮಾಡಲ್ಲ" ಅಂತ. ಮಾತು ತಪ್ಪಿದರೆ ಅವರು ಜವಾಬ್ದಾರಿಯಿಂದ ಕೈ ತೊಳ್ಕೊಬಹುದು.

ಇಷ್ಟು ಗಡಸು ಯಾಕೆ ಅನ್ನೋದು ಅರ್ಥ ಆಗಬೇಕಾದ್ರೆ ಸಮುದ್ರದಲ್ಲಿ ಮೋಸ ಮಾಡೋದು ಎಷ್ಟು ಸುಲಭ ಇತ್ತು ಅಂತ ನೋಡಬೇಕು.

ವಿಮೆ ಅನ್ನೋ ಹೆಸರು ಹುಟ್ಟೋಕೂ ಮೊದಲು ಗ್ರೀಸಿನಲ್ಲಿ ಹಡಗಿನ ಸಾಲ ಅಂತ ಇತ್ತು. ವ್ಯಾಪಾರಿ ಪ್ರಯಾಣಕ್ಕೆ ಸಾಲ ತಗೋತಾನೆ. ಹಡಗು ಕ್ಷೇಮವಾಗಿ ದಡ ಸೇರಿದರೆ ದೊಡ್ಡ ಬಡ್ಡಿ ಸಮೇತ ವಾಪಸ್. ಮುಳುಗಿದರೆ ಸಾಲ ಮಾಫಿ. ಡೆಮಾಸ್ತನೀಸನ ಹೆಸರಲ್ಲಿ ಉಳಿದಿರೋ ಒಂದು ಕೋರ್ಟ್ ಭಾಷಣದಲ್ಲಿ, ಕ್ರಿಸ್ತಪೂರ್ವ 4ನೇ ಶತಮಾನದ್ದು, ಹೆಗೆಸ್ಟ್ರಾಟಸ್ ಅಂತ ಒಬ್ಬ ಹಡಗಿನ ಯಜಮಾನ ಬರ್ತಾನೆ. ಸಿರಾಕ್ಯೂಸಿನಲ್ಲಿ ಸಾಲ ಎತ್ತಿ, ಆ ದುಡ್ಡನ್ನ ತನ್ನೂರು ಮಸಾಲಿಯಾಗೆ (ಈಗಿನ ಮಾರ್ಸೇಲ್ಸ್) ಕಳಿಸಿಬಿಟ್ಟ. ಹಡಗು ಮುಳುಗಿದರೆ ಸಾಲ ತೀರಿಸೋ ಹಾಗಿಲ್ಲವಲ್ಲ? ದಡದಿಂದ ಎರಡು-ಮೂರು ದಿನದ ದೂರ ಹೋದ ಮೇಲೆ, ರಾತ್ರಿ ಕೆಳಗಿಳಿದು ಹಡಗಿನ ತಳಕ್ಕೆ ತೂತು ಕೊರೆಯೋಕೆ ಶುರು ಮಾಡಿದ. ಸದ್ದು ಕೇಳಿ ಜನ ಓಡಿಬಂದರು. ಸಿಕ್ಕಿಬಿದ್ದವನು ಹಿಂದೆ ಕಟ್ಟಿದ್ದ ಸಣ್ಣ ದೋಣಿಗೆ ಹಾರೋಕೆ ಹೋಗಿ, ಕತ್ತಲಲ್ಲಿ ಗುರಿ ತಪ್ಪಿ ನೀರಿಗೆ ಬಿದ್ದು ಸತ್ತ. ಹಡಗು ಮಾತ್ರ ಬಂದರು ಸೇರಿತು!

(ಇದನ್ನು ಹೇಳಿದವರು ಎದುರು ಪಾರ್ಟಿಯವರು ಅನ್ನೋದು ನೆನಪಿರಲಿ. ಆದರೂ ಒಳ್ಳೇ ಕಥೆ.)

ಅಪಾಯವನ್ನು ಮಾತ್ರ ಪ್ರತ್ಯೇಕ ಮಾಡಿ, ಪ್ರೀಮಿಯಂ ಅಂತ ಬೆಲೆ ಕಟ್ಟಿ ಮಾರೋದು ಶುರುವಾಗಿದ್ದು ಇಟಲಿಯ ಬಂದರುಗಳಲ್ಲಿ. ಜಿನೋವಾದಲ್ಲಿ 1347ರ ಒಂದು ಒಪ್ಪಂದ ಸಿಕ್ಕಿದೆ, ಮಜೋರ್ಕಾಗೆ ಹೋಗೋ ಹಡಗಿನದ್ದು. ಅದು ಹೊರಗೆ ಸಾಲಪತ್ರದ ವೇಷ ಹಾಕಿಕೊಂಡಿದೆ, ಒಳಗಿರೋದು ವಿಮೆ.

4/10

ಅಲ್ಲಿಂದ ಲಂಡನ್ನಿಗೆ ಹಾರೋಣ. 1688ರ ಹೊತ್ತಿಗೆ ಟವರ್ ಸ್ಟ್ರೀಟಿನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನೋರ ಕಾಫಿ ಹೋಟೆಲ್. ಥೇಮ್ಸ್ ನದಿ ಹತ್ತಿರ, ಹಾಗಾಗಿ ಬರೋರೆಲ್ಲ ಹಡಗಿನವರು. ಯಾವ ಹಡಗು ಎಲ್ಲಿ ಮುಟ್ಟಿತು, ಯಾವುದು ಇನ್ನೂ ಬಂದಿಲ್ಲ ಅನ್ನೋ ಸುದ್ದಿ ಅಲ್ಲಿ ಮೊದಲು ಸಿಗ್ತಿತ್ತು. ಕೆಲವೇ ವರ್ಷದಲ್ಲಿ ಅಂಗಡಿ ಲೊಂಬಾರ್ಡ್ ಸ್ಟ್ರೀಟಿಗೆ ಶಿಫ್ಟ್ ಆಯ್ತು. ಹಡಗಿನ ವಿವರ ಬರೆದ ಕಾಗದ ಮೇಜಿಂದ ಮೇಜಿಗೆ ಹೋಗೋದು, ಅಪಾಯದಲ್ಲಿ ಪಾಲು ತಗೊಳ್ಳೋಕೆ ಒಪ್ಪಿದವರು ಕೆಳಗೆ ತಮ್ಮ ಹೆಸರು, ಮೊತ್ತ ಬರೆಯೋದು. ಕೆಳಗೆ ಬರೆಯೋರು, ಅದಕ್ಕೇ ಅಂಡರ್‌ರೈಟರ್.

ಲಾಯ್ಡ್ ಸ್ವತಃ ವಿಮೆ ಮಾರಲಿಲ್ಲ. ಅವರು ಮಾರಿದ್ದು ಕಾಫಿ ಮತ್ತು ಸುದ್ದಿ.

ಬೇಗನೇ ಅಲ್ಲಿ ಜೂಜೂ ಸೇರಿಕೊಂಡಿತು. ತನ್ನದಲ್ಲದ ಹಡಗಿನ ಮೇಲೂ ಪಾಲಿಸಿ ತಗೊಳ್ಳಬಹುದಿತ್ತು. ಅಂದ್ರೆ ಪಕ್ಕದ ಮನೆಯವನ ದೋಣಿ ಮುಳುಗಲಿ ಅಂತ ನೀವು ಬಾಜಿ ಕಟ್ಟಿದ ಹಾಗೆ. 1745ರ ಸುಮಾರಿಗೆ ಬ್ರಿಟಿಷ್ ಪಾರ್ಲಿಮೆಂಟು ಇದಕ್ಕೆ ತಡೆ ಹಾಕಿ, ವಿಮೆ ಮಾಡಿಸೋನಿಗೆ ಆ ಹಡಗಿನಲ್ಲಿ ನಿಜವಾದ ಹಿತಾಸಕ್ತಿ ಇರಬೇಕು ಅಂತು. ಜೂಜಿನ ಕಾಟ ತಡೀಲಾರದೆ 1769ರಲ್ಲಿ ಒಂದು ಗುಂಪು ಹೊರಬಂದು ಬೇರೆಯೇ "ಹೊಸ ಲಾಯ್ಡ್ಸ್" ಮಾಡ್ಕೊಂಡಿತು. ಇವತ್ತಿನ ಲಾಯ್ಡ್ಸ್ ಬಂದಿರೋದು ಆ ಗುಂಪಿನಿಂದ.

ಇದು ನಿಮಗೂ ತಾಗುತ್ತೆ. ಫ್ರೆಂಡ್ ಹೆಸರಲ್ಲಿ ಇರೋ ದೋಣಿಗೆ ನಿಮ್ಮ ಹೆಸರಲ್ಲಿ ಪಾಲಿಸಿ ಮಾಡಿಸಿದರೆ, ನಿಮ್ಮ ಹಿತಾಸಕ್ತಿ ಏನು ಅನ್ನೋ ಪ್ರಶ್ನೆ ಕ್ಲೇಮಿನ ದಿನ ಬರುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡು ಹೆಸರು ಬದಲಾಯಿಸದೆ ಓಡಾಡಿಸೋರು ಇದನ್ನ ಎರಡು ಸಲ ಓದಿ.

5/10

ಈಗ ಕಥೆಯ ಮುಖ್ಯ ಪಾತ್ರ: ಲಾರ್ಡ್ ಮ್ಯಾನ್ಸ್‌ಫೀಲ್ಡ್. 1756ರಿಂದ 1788ರ ತನಕ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ. ವಿಮೆ ಕಾನೂನನ್ನು ಬಹುಮಟ್ಟಿಗೆ ಕಟ್ಟಿದ್ದು ಇವರೇ.

1766ರಲ್ಲಿ ಇವರ ಮುಂದೆ ಬಂದ ಕಾರ್ಟರ್ ವರ್ಸಸ್ ಬೋಹ್ಮ್ ಕೇಸ್ ನಮ್ಮ ಸಿಲಬಸ್ಸಿನಲ್ಲೂ ಇದೆ (ಹಾಯ್ ಕ್ಲಾಸ್‌ಮೇಟ್ಸ್, ಇಂಟರ್ನಲ್ಸಿಗೆ ಬರುತ್ತೆ). ಸುಮಾತ್ರಾದ ಬೆಂಕೂಲೆನ್‌ನಲ್ಲಿ ಮಾರ್ಲ್‌ಬರೋ ಕೋಟೆ. ಅದರ ಗವರ್ನರ್ ಕಾರ್ಟರ್, ಯುರೋಪಿನ ಶತ್ರುಗಳು ಕೋಟೆ ಹಿಡಿದರೆ ಅನ್ನೋ ಭಯಕ್ಕೆ ವಿಮೆ ಮಾಡಿಸಿದ್ದ. ಫ್ರೆಂಚರು 1760ರಲ್ಲಿ ಹಿಡಿದೇಬಿಟ್ಟರು. ಕೋಟೆ ದುರ್ಬಲ ಅಂತ ಮೊದಲೇ ಹೇಳಲಿಲ್ಲ ಅಂತ ಅಂಡರ್‌ರೈಟರ್ ತಕರಾರು ತೆಗೆದ. ಮ್ಯಾನ್ಸ್‌ಫೀಲ್ಡ್ ತೀರ್ಪು ಗವರ್ನರ್ ಕಡೆ ಆಯ್ತು. ಆದ್ರೆ ಜೊತೆಗೇ ಒಂದು ತತ್ವ ಉಳೀತು: ಅಪಾಯದ ಬಗ್ಗೆ ಒಬ್ಬನಿಗೆ ಮಾತ್ರ ಗೊತ್ತಿರೋ ಮುಖ್ಯ ಸಂಗತಿಯನ್ನು ಇನ್ನೊಬ್ಬನಿಂದ ಮುಚ್ಚಿಡಬಾರದು. ವಿಮೆ ಫಾರ್ಮಿನಲ್ಲಿ "ಹಿಂದೆ ಅಪಘಾತ ಆಗಿದೆಯೇ, ಎಂಜಿನ್ ಎಷ್ಟು ಹಳೆಯದು" ಅಂತೆಲ್ಲ ಕೇಳ್ತಾರಲ್ಲ, ಅದಕ್ಕೆ ನೀವು ಬಾಯಿಗೆ ಬಂದದ್ದು ಬರೀತೀರಲ್ಲ, ಆ ಫಾರ್ಮಿನ ಹಿಂದೆ ಈ ಕೋಟೆ ನಿಂತಿದೆ.

6/10

ಇಪ್ಪತ್ತು ವರ್ಷದ ನಂತರ, 1786. ಡಿ ಹಾನ್ ವರ್ಸಸ್ ಹಾರ್ಟ್ಲಿ. ಇದನ್ನು ನಿಧಾನಕ್ಕೆ ಓದಿ.

ಹಡಗಿನ ಹೆಸರು ಜೂನೋ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ, ಸಮುದ್ರದ ತುಂಬ ಶತ್ರು ಹಡಗುಗಳು. ಹಾಗಾಗಿ ಪಾಲಿಸಿಯ ಅಂಚಿನಲ್ಲಿ ಬರೆದಿತ್ತು: ಲಿವರ್‌ಪೂಲಿನಿಂದ ಹೊರಡುವಾಗ ಇಷ್ಟು ತೋಪು ಇರುತ್ತೆ, 50 ಅಥವಾ ಹೆಚ್ಚು ಆಳುಗಳಿರ್ತಾರೆ. ಜೂನೋ ಹೊರಟಾಗ ಇದ್ದವರು 46 ಜನ. ಆರೇ ಗಂಟೆ ದೂರದ ಆಂಗ್ಲೆಸಿ ದ್ವೀಪದ ಬ್ಯೂಮಾರಿಸ್‌ನಲ್ಲಿ ನಿಂತು ಇನ್ನೂ ಆರು ಜನರನ್ನು ಹತ್ತಿಸಿಕೊಂಡಿತು. ಒಟ್ಟು 52. ಮಾತು ಕೊಟ್ಟಿದ್ದಕ್ಕಿಂತ ಎರಡು ಜಾಸ್ತಿಯೇ ಆಯ್ತಲ್ಲ?

ಅಲ್ಲಿಂದ ಮುಂದೆ ಹೋದಮೇಲೆ ಶತ್ರುಗಳು ಜೂನೋವನ್ನು ಹಿಡಿದರು. ಆಗ ಹಡಗಿನಲ್ಲಿ ಪೂರ್ತಿ ಜನ ಇದ್ದರು. ಲಿವರ್‌ಪೂಲಿನಿಂದ ಬ್ಯೂಮಾರಿಸ್ ತನಕ 46 ಜನ ಇದ್ದರೂ 50 ಜನ ಇದ್ದಷ್ಟೇ ಸುರಕ್ಷಿತ ಅಂತ ಜ್ಯೂರಿ ಕೂಡ ಒಪ್ಪಿತ್ತು.

ಆದರೂ ವಿಮೆ ಇಲ್ಲ. ವಾರಂಟಿ ಅಂದ್ರೆ ಅಕ್ಷರಕ್ಕೆ ಅಕ್ಷರ ಪಾಲಿಸಬೇಕಾದ ಷರತ್ತು, ಅದು ನಷ್ಟಕ್ಕೆ ಕಾರಣವೋ ಅಲ್ಲವೋ ಅನ್ನೋದನ್ನು ನೋಡೋ ಹಾಗಿಲ್ಲ ಅಂತ ಮ್ಯಾನ್ಸ್‌ಫೀಲ್ಡ್ ತೀರ್ಮಾನಿಸಿದರು.

ಆ ಕಾಲಕ್ಕೆ ಇದರಲ್ಲಿ ಒಂದು ಲೆಕ್ಕ ಇತ್ತು. ಹಡಗು ಒಮ್ಮೆ ಕಣ್ಣಿಗೆ ಮರೆಯಾದರೆ ತಿಂಗಳುಗಟ್ಟಲೆ ಸುದ್ದಿ ಇಲ್ಲ. ಲಂಡನ್ನಿನ ಕಾಫಿ ಮೇಜಿನಲ್ಲಿ ಕೂತವನಿಗೆ ನಂಬೋಕೆ ಇರೋದು ಆ ಕಾಗದದ ಸಾಲು ಮಾತ್ರ. ಅದರಲ್ಲೂ ಸುಳ್ಳು ಅಂದ್ರೆ ಬೆಲೆ ಕಟ್ಟೋದು ಹೇಗೆ? ಇದನ್ನು ನಾನು ಒಪ್ತೀನಿ. ಆದ್ರೆ ಜಿಪಿಎಸ್ ಇರೋ ಈ ಕಾಲದಲ್ಲಿ ಹೊಳೆಯಲ್ಲಿ ಸುತ್ತೋ ಫೈಬರ್ ದೋಣಿಗೂ ಅದೇ ನಿಯಮ ಯಾಕೆ ಅನ್ನೋದು ನನ್ನ ತಕರಾರು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಜೂನೋ ಹೊರಟಿದ್ದು ಆಫ್ರಿಕಾಗೆ, ಅಲ್ಲಿಂದ ವೆಸ್ಟ್ ಇಂಡೀಸಿಗೆ. ಆ ದಾರಿಯಲ್ಲಿ ಯಾವ "ಸರಕು" ಹೋಗ್ತಿತ್ತು ಅಂತ ನಿಮಗೆ ಗೊತ್ತು. 1781ರಲ್ಲಿ ಝಾಂಗ್ ಅನ್ನೋ ಹಡಗಿನವರು 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತ ಸಮುದ್ರಕ್ಕೆ ಎಸೆದು, ನೀರು ಸಾಲದಾಗಿತ್ತು ಅಂತ ನೆಪ ಹೇಳಿ, ತಲೆಗೆ 30 ಪೌಂಡಿನಂತೆ ವಿಮೆ ಕೇಳಿದರು. ಮೊದಲ ಜ್ಯೂರಿ ಕೊಡಿ ಅಂತು! 1783ರಲ್ಲಿ ಇದೇ ಮ್ಯಾನ್ಸ್‌ಫೀಲ್ಡ್ ಅವರಿದ್ದ ಪೀಠ ಮರುವಿಚಾರಣೆಗೆ ಆದೇಶ ಮಾಡಿತು. ಕೊಲೆ ಅಂತ ಯಾರ ಮೇಲೂ ಕೇಸ್ ನಡೀಲಿಲ್ಲ. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ತತ್ವಗಳು ಬೆಳೆದದ್ದು ಇಂಥ ಹಡಗುಗಳ ಮೇಲೂ.

7/10

ಈ ನಿಯಮ ನಮ್ಮಲ್ಲಿಗೆ ಬಂದದ್ದು ಹೀಗೆ. ಸರ್ ಮೆಕೆಂಝಿ ಚಾಮರ್ಸ್ ಅಂತ ಒಬ್ಬರು ಕಾನೂನು ಬರೆಯೋದ್ರಲ್ಲಿ ನಿಪುಣರು. ಭಾರತದಲ್ಲಿ ವೈಸರಾಯ್ ಕೌನ್ಸಿಲಿನ ಕಾನೂನು ಸದಸ್ಯರಾಗಿಯೂ ಇದ್ದವರು. ಕೋರ್ಟುಗಳು ಹೇಳಿದ್ದನ್ನೆಲ್ಲ ಸೆಕ್ಷನ್ ಸೆಕ್ಷನ್ನಾಗಿ ಜೋಡಿಸಿದರು, ಅದೇ ಬ್ರಿಟನ್ನಿನ 1906ರ ಸಾಗರ ವಿಮೆ ಕಾಯ್ದೆ ಆಯ್ತು. ಜೂನೋ ಹೋಗಿ 33ನೇ ಸೆಕ್ಷನ್ನಿನಲ್ಲಿ ಕೂತಿತು.

ಸ್ವಾತಂತ್ರ್ಯ ಬಂದ ಮೇಲೆ ನಾವು 1963ರಲ್ಲಿ ನಮ್ಮದೇ ಸಾಗರ ವಿಮೆ ಕಾಯ್ದೆ ಮಾಡಿದೆವು. ಹೆಚ್ಚುಕಡಿಮೆ ಅದನ್ನೇ ಎತ್ತಿ ಬರೆದದ್ದು. ನಮ್ಮಲ್ಲಿ ಅದು 35ನೇ ಸೆಕ್ಷನ್: ವಾರಂಟಿ ಅಪಾಯಕ್ಕೆ ಸಂಬಂಧಪಟ್ಟಿರಲಿ ಬಿಡಲಿ, ಯಥಾವತ್ ಪಾಲಿಸಬೇಕು. ತಪ್ಪಿದರೆ, ಪಾಲಿಸಿಯಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ತಪ್ಪಿದ ದಿನದಿಂದ ವಿಮಾ ಕಂಪನಿಗೆ ಹೊಣೆ ಇಲ್ಲ. ಮುಂದಿನ 36ನೇ ಸೆಕ್ಷನ್ ಬ್ಯೂಮಾರಿಸ್ಸಿನ ಬಾಗಿಲನ್ನೂ ಮುಚ್ಚುತ್ತೆ: ನಷ್ಟ ಆಗೋ ಮೊದಲೇ ತಪ್ಪನ್ನು ಸರಿಪಡಿಸಿಕೊಂಡಿದ್ದೆ ಅನ್ನೋ ವಾದ ನಡೆಯಲ್ಲ.

ತಮಾಷೆ ಏನು ಗೊತ್ತಾ? ಇದನ್ನು ನಮಗೆ ಕೊಟ್ಟ ಬ್ರಿಟನ್ನೇ ಬಿಟ್ಟುಬಿಟ್ಟಿದೆ. 2015ರ ಅವರ ವಿಮೆ ಕಾಯ್ದೆ, ಜಾರಿಗೆ ಬಂದದ್ದು 2016ರ ಆಗಸ್ಟಿನಲ್ಲಿ, ವಾರಂಟಿ ತಪ್ಪಿದರೆ ಅಷ್ಟು ಹೊತ್ತು ವಿಮೆ ಅಮಾನತಿನಲ್ಲಿ ಇರುತ್ತೆ, ಸರಿಪಡಿಸಿದ ಮೇಲೆ ಮತ್ತೆ ಜೀವ ಬರುತ್ತೆ ಅನ್ನುತ್ತೆ. ಜೂನೋ ಇವತ್ತು ಕ್ಲೇಮ್ ಹಾಕಿದ್ದರೆ ಈ ಒಂದು ಕಾರಣಕ್ಕೆ ಸೋಲ್ತಿರಲಿಲ್ಲ. ಆಸ್ಟ್ರೇಲಿಯಾ ಅಂತೂ ವೈಯಕ್ತಿಕ ಮೋಜಿನ ದೋಣಿಗಳನ್ನು ಹಳೇ ಸಾಗರ ವಿಮೆ ಕಾಯ್ದೆಯಿಂದ ಹೊರಗೆ ತೆಗೆದು, ಗ್ರಾಹಕನ ಕಡೆ ವಾಲಿರೋ ಸಾಮಾನ್ಯ ವಿಮೆ ಕಾಯ್ದೆಯ ಕೆಳಗೆ ಇಟ್ಟಿದೆ. ನಾವು ಮಾತ್ರ 46 ಜನ, 50 ಜನ ಎಣಿಸ್ತಾ ಕೂತಿದ್ದೀವಿ.

8/10

ನಾನು ಓದಿದ್ದರಲ್ಲಿ ಚಿಕ್ಕಪ್ಪನಿಗೆ ತೀರಾ ಹತ್ತಿರ ಬಂದ ಕೇಸ್ ಇದು.

ಟೆಕ್ಸಾಸ್-ಒಕ್ಲಹೋಮಾ ಗಡಿಯಲ್ಲಿ ರೆಡ್ ನದಿಗೆ ಅಣೆಕಟ್ಟು ಕಟ್ಟಿ 1940ರ ದಶಕದಲ್ಲಿ ಮಾಡಿದ ಕೆರೆ, ಟೆಕ್ಸೋಮಾ. ಕೆರೆ ತುಂಬಿದ ಮೇಲೆ ಜನ ಮೋಜಿಗೆ ಬರೋಕೆ ಶುರು. ಡೆನಿಸನ್ ಊರಿನ ವಿಲ್ಬರ್ನ್ ಸಹೋದರರು ಒಂದು ಸಣ್ಣ ಹೌಸ್‌ಬೋಟ್ ತಗೊಂಡರು. ವಿಮೆ ಮಾಡಿಸಿದರು, ಬೆಂಕಿಯೂ ಸೇರಿತ್ತು. ಕಟ್ಟಿ ನಿಲ್ಲಿಸಿದ್ದಾಗಲೇ ದೋಣಿ ಸುಟ್ಟುಹೋಯ್ತು.

ಪಾಲಿಸಿಯಲ್ಲಿ ಏನಿತ್ತು? ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಮಾರಬಾರದು, ವರ್ಗಾಯಿಸಬಾರದು, ಅಡ ಇಡಬಾರದು, ಬಾಡಿಗೆಗೆ ಕೊಡಬಾರದು. ಖಾಸಗಿ ಮೋಜಿಗೆ ಮಾತ್ರ ಬಳಸಬೇಕು. ಇವರು ಏನು ಮಾಡಿದ್ದರು? ದೋಣಿಯನ್ನು ತಮ್ಮದೇ ಹೊಸ ಕಂಪನಿಯ ಹೆಸರಿಗೆ ಮಾಡಿದ್ದರು, ಅದರ ಮೇಲೆ ಸಾಲ ತೆಗೆದಿದ್ದರು, ದುಡ್ಡು ತಗೊಂಡು ಪ್ರಯಾಣಿಕರನ್ನು ಹತ್ತಿಸಿದ್ದರು. ಇದರಲ್ಲಿ ಯಾವುದು ಬೆಂಕಿ ಹಚ್ಚಿತು? ಯಾವುದೂ ಅಲ್ಲ.

ಷರತ್ತು ತಪ್ಪಿದ್ದರಿಂದಲೇ ನಷ್ಟ ಆಗಿದ್ದರೆ ಮಾತ್ರ ವಿಮಾ ಕಂಪನಿ ತಪ್ಪಿಸಿಕೊಳ್ಳಬಹುದು ಅನ್ನೋ ಥರದ ಕಾನೂನು ಟೆಕ್ಸಾಸಿನಲ್ಲಿತ್ತು. ಕೆಳಗಿನ ಕೋರ್ಟುಗಳು, ಇಲ್ಲ, ಇದು ಸಮುದ್ರ ಕಾನೂನಿನ ವಿಷಯ, ಅಕ್ಷರಶಃ ಪಾಲಿಸಬೇಕು ಅಂದವು. 1955ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಜಸ್ಟಿಸ್ ಬ್ಲ್ಯಾಕ್ ಬರೆದ ತೀರ್ಪು: ಈ ವಿಷಯಕ್ಕೆ ಇಡೀ ದೇಶಕ್ಕೆ ಅನ್ವಯಿಸೋ ಸಮುದ್ರ ಕಾನೂನಿನ ನಿಯಮ ಇಲ್ಲ, ಆಯಾ ರಾಜ್ಯದ ಕಾನೂನು ನಡೀಲಿ. ಕೇಸು ಮತ್ತೆ ಕೆಳಕ್ಕೆ ಹೋಯ್ತು. ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ.

ಈಗ ಮೊದಲ ಪೋಸ್ಟಿನ ಯಾಟಿಗೆ ವಾಪಸ್ ಬನ್ನಿ. ರಾಜ್ಯದ ಕಾನೂನೇ ಮುಖ್ಯ ಅಂದಮೇಲೆ ವಿಮಾ ಕಂಪನಿಗಳು ಏನು ಮಾಡಿದವು? ತಮಗೆ ಅನುಕೂಲ ಇರೋ ರಾಜ್ಯದ ಕಾನೂನನ್ನು ಪಾಲಿಸಿಯಲ್ಲೇ ಬರೆದವು. ಆ ಯಾಟಿನ ಪಾಲಿಸಿಯಲ್ಲಿ ನ್ಯೂಯಾರ್ಕಿನ ಕಾನೂನು ಅಂತ ಇತ್ತು. ಮಾಲೀಕರು ಪೆನ್ಸಿಲ್ವೇನಿಯಾದವರು, ನಮ್ಮ ರಾಜ್ಯದ ಕಾನೂನು ಬೇಕು ಅಂದರು. 2024ರಲ್ಲಿ ಸುಪ್ರೀಂ ಕೋರ್ಟ್ ಒಂಬತ್ತಕ್ಕೆ ಒಂಬತ್ತೂ ಜನ ಒಂದಾಗಿ, ಪಾಲಿಸಿಯಲ್ಲಿ ಬರೆದ ಕಾನೂನಿನ ಆಯ್ಕೆ ಸಾಮಾನ್ಯವಾಗಿ ನಿಲ್ಲುತ್ತೆ ಅಂತು. ಸಿಲಿಂಡರ್ ಸರ್ಟಿಫಿಕೇಟಿನ ವಾದ ಸರಿಯೋ ತಪ್ಪೋ ಅಂತ ಆ ತೀರ್ಪು ಹೇಳಲಿಲ್ಲ. ಜಗಳ ಯಾವ ಕಾನೂನಿನ ಅಂಗಳದಲ್ಲಿ ನಡೀಬೇಕು ಅನ್ನೋದನ್ನಷ್ಟೇ ಹೇಳಿತು. ಆದ್ರೆ ಅಂಗಳ ಯಾರದ್ದು ಅನ್ನೋದ್ರಲ್ಲೇ ಅರ್ಧ ಆಟ ಮುಗಿದಿರುತ್ತೆ, ಅಲ್ವಾ.

9/10

ಸರಿ, ಹಾಗಾದ್ರೆ ಪಾಲಿಸಿ ಆರಿಸೋವಾಗ ಎಲ್ಲಿ ನೋಡ್ಬೇಕು? ನಂಗೆ ಗೊತ್ತಾದಷ್ಟು ಹೇಳ್ತೀನಿ.

ದೋಣಿ ಪೂರ್ತಿ ಹೋದರೆ ಎಷ್ಟು ಕೊಡ್ತಾರೆ? ಇದರಲ್ಲಿ ಎರಡು ಥರ. ಒಂದು, ಶುರುವಿನಲ್ಲೇ ಇಬ್ಬರೂ ಒಪ್ಪಿ ಬರೆದ ಮೊತ್ತ. ಇನ್ನೊಂದು, ನಷ್ಟದ ದಿನದ ಮಾರುಕಟ್ಟೆ ಬೆಲೆ, ಅಂದ್ರೆ ಸವಕಳಿ ಕಳೆದು. ಎರಡನೆಯದು ಅಗ್ಗ. ಹಳೇ ದೋಣಿಗೆ ಅಗ್ಗದ ಪಾಲಿಸಿ ತಗೊಂಡವರು ಕ್ಲೇಮಿನ ದಿನ ಅಳೋದು ಇಲ್ಲೇ.

ಎಂಜಿನ್. ಲಂಡನ್ನಿನ ವಿಮಾದಾರರು 1985ರಲ್ಲಿ ಯಾಟುಗಳಿಗೆ ಅಂತ ಒಂದು ಮಾದರಿ ಷರತ್ತುಪಟ್ಟಿ ತಂದರು. ಅದರಲ್ಲಿ ಒಂದು ಸಾಲು ನೋಡಿ ನಾನು ನಕ್ಕುಬಿಟ್ಟೆ: ಔಟ್‌ಬೋರ್ಡ್ ಎಂಜಿನ್ ಕಳಚಿ ನೀರಿಗೆ ಬಿದ್ದರೆ ಕ್ಲೇಮ್ ಇಲ್ಲ. ಚಿಕ್ಕಪ್ಪನಿಗೆ ಹೇಳಿದಾಗ ಅವರು ನಗಲಿಲ್ಲ. ಅವರ ದೋಣಿಯಲ್ಲಿ ಅತಿ ಬೆಲೆಬಾಳೋದೇ ಅದು. ಮರುದಿನವೇ ಎಂಜಿನ್ನಿಗೆ ಚೈನ್ ಹಾಕಿ ಬೀಗ ಜಡಿದರು.

ಎಲ್ಲಿ ಓಡಾಡಬಹುದು? ಹೊಳೆಯೊಳಗೆ ಅಂತ ಬರೆದಿದ್ದರೆ ಅಳಿವೆ ದಾಟಿ ಸಮುದ್ರಕ್ಕೆ ಮೂತಿ ಹಾಕಿದ ಕ್ಷಣ ನೀವು ವಿಮೆಯ ಹೊರಗೆ. ಯಾವ ತಿಂಗಳು ಮೇಲೆಳೆದು ಇಟ್ಟಿರಬೇಕು ಅಂತಲೂ ಕೆಲವು ಪಾಲಿಸಿಯಲ್ಲಿ ಇರುತ್ತೆ. ಯುರೋಪಿನವರಿಗೆ ಅದು ಚಳಿಗಾಲ, ನಮ್ಮ ಕರಾವಳಿಗೆ ಮಳೆಗಾಲ.

ಎಲ್ಲಕ್ಕಿಂತ ದೊಡ್ಡದು ಬೇರೆಯವರ ಹೊಣೆ. ದೋಣಿ ಹೋದರೆ ದೋಣಿ ಬೆಲೆ ಹೋಯ್ತು, ಅಷ್ಟೇ. ಹತ್ತಿದವರಿಗೆ ಏನಾದರೂ ಆದರೆ ಹೊಣೆ ಅದಕ್ಕಿಂತ ತುಂಬ ದೊಡ್ಡದಾಗಬಹುದು. ಒಳನಾಡು ನೀರಿನಲ್ಲಿ ಓಡೋ ಯಾಂತ್ರಿಕ ದೋಣಿಗಳಿಗೆ ವಿಮೆ ಬೇಕು ಅಂತ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲೇ ಇದೆ. 1917ರ ಹಳೇ ಕಾಯ್ದೆಯನ್ನು ತೆಗೆದು ತಂದದ್ದು ಅದು. ಲೈಫ್ ಜಾಕೆಟ್ ಫೋಟೋಗೆ ಅಡ್ಡ ಬರುತ್ತೆ ಅಂತ ಬಿಚ್ಚಿಡೋ ಅತಿಥಿಗಳನ್ನು ಮನಸ್ಸಲ್ಲಿಟ್ಟುಕೊಂಡು ಈ ಮೊತ್ತ ಆರಿಸಿ.

ಇನ್ನು "ಖಾಸಗಿ ಮೋಜು". ಕಾಮೆಂಟಿನಲ್ಲಿ ಯಾರೋ ಕೇಳಿಯೇ ಕೇಳ್ತಾರೆ, ಕಾರಿನ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮೆತ್ತಗೆ ನಡ್ಕೊಂಡಿದೆಯಲ್ಲ ಅಂತ. ಹೌದು. ಖಾಸಗಿ ಅಂತ ವಿಮೆ ಮಾಡಿಸಿ ಬಾಡಿಗೆಗೆ ಓಡಿಸಿದರು ಅನ್ನೋ ಆರೋಪದ ಕಾರಿನ ಕೇಸಿನಲ್ಲಿ, 2010ರಲ್ಲಿ, ಕ್ಲೇಮನ್ನು ಪೂರ್ತಿ ತಳ್ಳಿಹಾಕೋದು ಸರಿಯಲ್ಲ, ಸ್ವಲ್ಪ ಕಡಿತ ಮಾಡಿಯಾದರೂ ಕೊಡಿ ಅಂತ ಹೇಳಿದೆ. ಆದ್ರೆ ಕಾರಿಗೆ 35ನೇ ಸೆಕ್ಷನ್ ಇಲ್ಲ. ದೋಣಿಗೆ ಅದನ್ನು ನಂಬಿ ಕೂರೋದು ಬೇಡ. ಬ್ರಿಟನ್ನಿನ ಮೆದುವಾದ ಹೊಸ ಕಾಯ್ದೆಯೂ, ನಷ್ಟಕ್ಕೆ ಸಂಬಂಧ ಇಲ್ಲದ ಷರತ್ತನ್ನು ಕಂಪನಿ ಮುಂದೆ ಮಾಡಬಾರದು ಅನ್ನೋ ರಿಯಾಯಿತಿಯಿಂದ, ಇಡೀ ಅಪಾಯದ ಸ್ವರೂಪವನ್ನೇ ಹೇಳೋ ಷರತ್ತನ್ನು ಹೊರಗಿಟ್ಟಿದೆ. ಖಾಸಗಿಯೋ ವ್ಯಾಪಾರವೋ ಅನ್ನೋದು ಅಂಥದ್ದೇ. ಅಂದ್ರೆ ಚಿಕ್ಕಪ್ಪ ಲಂಡನ್ನಿನಲ್ಲಿ ಇದ್ದರೂ ಬಚಾವಾಗೋದು ಕಷ್ಟ.

10/10

ಇದನ್ನೆಲ್ಲ ಫೋನಲ್ಲಿ ಹೇಳೋಕಾಗದೆ ಶನಿವಾರ ಊರಿಗೇ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಜೂನೋ ಕಥೆಗೆ ಮಾತ್ರ ಸಿಟ್ಟು ಬಂತು. "ಐವತ್ತೆರ್ಡ್ ಜನ ಇದ್ದಿರಲೆ! ಮತ್ತೆಂತಕೆ ಕೊಡುದಿಲ್ಲೆ?" ಅಂತ, ನಾನೇ ಮ್ಯಾನ್ಸ್‌ಫೀಲ್ಡ್ ಅನ್ನೋ ಹಾಗೆ ನನ್ನನ್ನೇ ಕೇಳಿದರು.

ಆಮೇಲೆ ಪೆಟ್ರೋಲ್ ದುಡ್ಡಿನ ವಿಷಯ ಬಂತು. "ಅದ್ ಬಾಡ್ಗಿ ಅಲ್ದಾ, ಅವ್ರಾಗೇ ಪ್ರೀತಿಯಲ್ ಕೊಡುದ್."

ನಾನು ಹೇಳಿದೆ, ಚಿಕ್ಕಪ್ಪ, ಅಲ್ಲಿ "ಬಾಡಿಗೆ" ಒಂದೇ ಅಲ್ಲ, "ಪ್ರತಿಫಲ" ಅಂತಲೂ ಇದೆ. ನಾಳೆ ಯಾರಾದರೂ ನೀರಿಗೆ ಬಿದ್ದರೆ, ಅವರ ಮನೆಯವರು ಕೋರ್ಟಿಗೆ ಬಂದರೆ, ಮುನ್ನೂರು ರೂಪಾಯಿ ಪ್ರೀತಿಯೋ ಪ್ರತಿಫಲವೋ ಅಂತ ವಾದ ಮಾಡೋದು ಕಂಪನಿಯ ವಕೀಲರ ಹತ್ತಿರ. ಆ ಮುನ್ನೂರು ಗೂಗಲ್ ಪೇನಲ್ಲಿ ಬಂದಿರುತ್ತೆ, ನೋಟ್ ಜಾಗದಲ್ಲಿ "ಬೋಟ್ ರೈಡ್" ಅಂತ ಬರೆದಿರುತ್ತೆ.

ಚಿಕ್ಕಪ್ಪ ಫೋನ್ ತೆಗೆದು ನೋಡಿದರು. ಹನ್ನೊಂದು ಸಲ ಬರೆದಿತ್ತು.

ಚಿಕ್ಕಮ್ಮ ಒಳಗಿಂದ, "ದುಡ್ ತಕಂಬುದೇ ಬ್ಯಾಡ ಅಂದಿ ನಾನ್" ಅಂದರು. ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಈ ವರ್ಷ ಅಡಿಕೆ ಕೊಳೆರೋಗಕ್ಕೆ ಹೋದದ್ದು, ಸಂಜೆಯ ಆ ಮುನ್ನೂರು ಐನೂರೇ ಮನೆಗೆ ಆಸರೆ ಆಗಿರೋದು, ಇಬ್ಬರಿಗೂ ಗೊತ್ತು.

ಅಗ್ಗದ ಪಾಲಿಸಿಗೆ ಸಹಿ ಹಾಕಲಿಲ್ಲ. ನಾವಿಬ್ಬರೂ ಕೂತು ಏಜೆಂಟಿಗೆ ಒಂದು ಮೇಲ್ ಬರೆದೆವು: ಅತಿಥಿಗಳನ್ನು ಹತ್ತಿಸಿಕೊಳ್ತೀವಿ, ಕೆಲವರು ದುಡ್ಡು ಕೊಡ್ತಾರೆ, ಇದಕ್ಕೆ ಒಪ್ಪಿಗೆಯನ್ನು ಪಾಲಿಸಿಯಲ್ಲೇ ಬರವಣಿಗೆಯಲ್ಲಿ ಸೇರಿಸಿ ಕೊಡ್ತೀರಾ, ಅದಕ್ಕೆ ಪ್ರೀಮಿಯಂ ಎಷ್ಟು, ಯಾವ ಲೈಸೆನ್ಸ್ ತೋರಿಸಬೇಕು. ಏಜೆಂಟ್ ಫೋನ್ ಮಾಡಿ, "ಅಷ್ಟೆಲ್ಲ ಬರೀಬೇಡಿ ಸಾರ್, ಯಾರೂ ಕೇಳಲ್ಲ" ಅಂದ. ಹಾಗಾದ್ರೆ ಅದನ್ನೇ ಮೇಲಿನಲ್ಲಿ ಬರೆದು ಕಳಿಸಿ ಅಂದೆ. ಫೋನ್ ಇಟ್ಟ.

ಉತ್ತರ ಇನ್ನೂ ಬಂದಿಲ್ಲ. ಮಳೆ ಶುರುವಾಗಿದೆ, ಹೊಳೆ ಕೆಂಪಾಗಿದೆ. ದೋಣಿಯನ್ನು ತೆಂಗಿನ ಬುಡಕ್ಕೆ ಎಳೆದು ಮಗುಚಿ ಹಾಕಿ, ಮೇಲೆ ಅಡಿಕೆ ಸೋಗೆ ಹೊದೆಸಿದ್ದಾರೆ. ಎಂಜಿನ್ ಮಾತ್ರ ಜಗಲಿಯಲ್ಲಿ, ಚೈನ್ ಸಮೇತ.

(ಮುಂದಿನ ಸರಣಿ: ಹಡಗು ಉಳಿಸೋಕೆ ಸರಕನ್ನು ಸಮುದ್ರಕ್ಕೆ ಎಸೆದರೆ ಆ ನಷ್ಟ ಯಾರ ತಲೆ ಮೇಲೆ? ರೋಡ್ಸ್ ದ್ವೀಪದ ಹಳೇ ಲೆಕ್ಕ. ನಿಮ್ಮ ಮನೆಯಲ್ಲಿ ದೋಣಿ ಪಾಲಿಸಿ ಇದ್ದರೆ ಹೆಸರು, ನಂಬರ್ ಮುಚ್ಚಿ ಷರತ್ತಿನ ಪುಟದ ಫೋಟೋ ಡಿಎಂ ಮಾಡಿ, ಒಟ್ಟಿಗೆ ಓದೋಣ.)

#ಹಳೇಕಾಗದ #ಇತಿಹಾಸಕನ್ನಡದಲ್ಲಿ #ದೋಣಿವಿಮೆ #ಕುಂದಾಪ್ರ